ಡ್ರಮ್ಮಿನಾಂವ ಹೋದ, ಹೋಗ್ಲಿ ಬಿಡು

ದೇವಸೂಗೂರು
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಳಿಯನಿಗೆ ನಿಮ್ಮ ಮಾಮನ ಆಶೀರ್ವಾದಗಳು. ನಾವಿಲ್ಲಿ ಎಲ್ಲಾರೂ ಕ್ಷೇಮ. ಕೊಪ್ಪಳದಾಗ ನೀವೂ ಕ್ಷೇಮ ಅಂತ ತಿಳಿದೀನಿ.

ಮೊನ್ನೆ ನಿನ್ನ ಫೋನು ಬಂದಾಗ ನಾ ಬಸ್ಸಿನಾಗಿದ್ದೆ, ನೆಟ್ಟಗ ಮಾತಾಡಾಕ ಆಗಲಿಲ್ಲ. ಅದಕ್ಕ ಬರೀತೀನಿ. ಫೋನಿನಾಗಾದ್ರ ನೀ ನನ್ನ ಮಾತು ಅರ್ಧಕ್ಕ ಕಡೀತಿ. ಕಾಗದಕ್ಕ ಆ ಕಾಟ ಇಲ್ಲ.

ನಿಮ್ಮ ಬ್ಯಾಂಡಿನಾಗ ಡ್ರಮ್ ಬಾರಿಸೋ ಹುಡುಗ ನೌಕರಿ ಅಂತ ಬೆಂಗಳೂರು ಸೇರಿದ. ಆ ಜಾಗ ತುಂಬಸಾಕ ಒಂದು ದೊಡ್ಡ ಕೀಬೋರ್ಡು, ಎರಡು ಆಳೆತ್ತರದ ಸ್ಪೀಕರು ಬೇಕು, ಅರವತ್ತು ಸಾವಿರ ಕಡಿಮಿ ಬಿದ್ದದ ಅಂದಿ. ಅದರ ಮ್ಯಾಲೆ ನಿಮ್ಮಣ್ಣ ಚಿಗವ್ವನ ಮಗಳನ್ನ ಹಾಡಾಕ ತಂದು ನಿಲ್ಲಿಸ್ಯಾನ, ಆಕಿ ದನಿ ಹಿಂದಿನ ಸಾಲಿಗೆ ಮುಟ್ಟಂಗಿಲ್ಲ ಅಂತ ಸಿಟ್ಟು. ರೊಕ್ಕದ ಮಾತು ಕಡೀಗೆ ಆಡೋಣು. ಮೊದಲು ಒಂದು ಬ್ಯಾಂಡಿನ ಸುದ್ದಿ ಕೇಳು.

ಶಕ್ತಿನಗರದ ಥರ್ಮಲ್ ಕರೆಂಟ್ ಸ್ಟೇಷನ್ ಕ್ವಾರ್ಟರ್ಸಿನಾಗ ನಮ್ಮ ಬಾಜೂ ಮನ್ಯಾಗಿದ್ದ ಇಂಜಿನಿಯರ್ ಸಾಹೇಬ್ರು ವರ್ಗ ಆಗಿ ಹೋಗೋ ಮುಂದ ಬಿಸ್ಕೀಟಿನ ಡಬ್ಬಿ ತುಂಬ ಕ್ಯಾಸೆಟ್ ಕೊಟ್ಟು ಹೋದ್ರು. ಇಂಗ್ಲೆಂಡಿಗೆ ಟ್ರೇನಿಂಗಿಗೆ ಹೋದಾಗ ತಂದಿದ್ದಂತ. ಒಂದರ ಮ್ಯಾಲೆ ಪೆನ್ಸಿಲಿನಾಗ ‘ಯಂಗ್ ಮಾರ್ಬಲ್ ಜೈಂಟ್ಸ್’ ಅಂತ ಬರೆದಿತ್ತು. ಅಮೃತಶಿಲೆಯ ಎಳೇ ದೈತ್ಯರು. ಹಳೇ ಗ್ರೀಕ್ ಮೂರ್ತಿಗಳ ವರ್ಣನೆಯೊಳಗಿಂದ ಎತ್ತಿಕೊಂಡ ಹೆಸರು ಅಂತ ಮುಂದ ಗೊತ್ತಾತು. ದೈತ್ಯರಂದ ಮ್ಯಾಲೆ ಗದ್ದಲ ಭಾರೀ ಇರ್ತದಂತ ವಾಲ್ಯೂಮ್ ಕಡಿಮಿ ಇಟ್ಟೇ ಹಚ್ಚಿದೆ. ಏನೂ ಕೇಳಲಿಲ್ಲ. ಟೇಪು ಸುತ್ತಿಕೊಂಡದೇನೋ ಅಂತ ತೆಗೆದು ನೋಡಿದೆ, ಸರಿ ಇತ್ತು. ಮತ್ತ ಹಾಕಿ ವಾಲ್ಯೂಮ್ ಏರಿಸಿದೆ. ಒಳಗ ಯಾರೋ ಬಾಗಲಾ ಮುಂದ ಮಾಡಿಕೊಂಡು ಹಾಡಾಕ ಹತ್ಯಾರ ಅನ್ನಂಗ ಒಂದು ಹೆಣ್ಣುದನಿ.

ಆಲಿಸನ್ ಸ್ಟಾಟನ್ ಅಂತ ಆಕಿ ಹೆಸರು. ನಮ್ಮವ್ವ ಕಟ್ಟಿ ಮ್ಯಾಲೆ ಕುಂತು ಮರದಾಗ ಅಕ್ಕಿ ಹಸನ ಮಾಡ್ಕೋಂತ ತನ್ನಷ್ಟಕ್ಕ ತಾ ಗುನುಗ್ತಿದ್ಲಲ್ಲ, ಹಂಗ ಹಾಡ್ತಾಳ. ದನಿ ನಡುಗಸಂಗಿಲ್ಲ, ಎಳಿಯಂಗಿಲ್ಲ, ಕೇಳವರು ಅದಾರೋ ಇಲ್ಲೋ ಅಂತ ನೋಡಂಗಿಲ್ಲ. ಆಕಿ ಹಿಂದ ಇಬ್ಬರು ಅಣ್ಣತಮ್ಮಂದಿರು. ಸ್ಟುವರ್ಟ್ ಮಾಕ್ಸಮ್ ಗಿಟಾರ್ ತಂತಿ ಮ್ಯಾಲೆ ಅಂಗೈ ಅಂಚು ಒತ್ತಿ ಹಿಡಿದು ಬಾರಿಸ್ತಾನ. ಹಿಂಗಾಗಿ ನಾದ ಗುಂಯ್ ಅಂತ ಹರಡಂಗಿಲ್ಲ, ಬಾಣಲ್ಯಾಗ ಜೋಳದ ಅರಳು ಸಿಡಿದಂಗ ಟಕ್, ಟಕ್ ಅಂತದ. ರಾಗ ಎಳಕೊಂಡು ಹೋಗೋ ಕೆಲಸ ಫಿಲಿಪ್‌ನ ಬೇಸ್ ಗಿಟಾರಿಂದು. ನಡುವ ಅಲ್ಲಲ್ಲಿ ಸಣ್ಣದೊಂದು ಆರ್ಗನ್ ಉಸಿರಾಡ್ತದ.

ಡ್ರಮ್ ಎಲ್ಲಿ ಅಂತಿಯೇನು? ಡ್ರಮ್ಮಿನಾಂವ ಇಲ್ಲೇ ಇಲ್ಲ. ಅವರ ಕಸಿನ್ ಪೀಟರ್ ಜಾಯ್ಸ್ ಎಲೆಕ್ಟ್ರಾನಿಕ್ಸ್ ಹುಚ್ಚಿನಾಂವ, ಮನ್ಯಾಗ ಕುಂತು ಒಂದು ತಾಳದ ಮಿಷನ್ ಮಾಡಿದ. ಆ ತಾಳ ಕ್ಯಾಸೆಟ್ಟಿಗೆ ತುಂಬಿಕೊಂಡು, ಸ್ಟೇಜ್ ಮ್ಯಾಲೆ ಟೇಪ್ ರಿಕಾರ್ಡರ್ ಹಚ್ಚಿ ಅದರ ಜೋಡಿ ಬಾರಿಸ್ತಿದ್ರು. ಕ್ಯಾಸೆಟ್ಟಿಗೆ ನೌಕರಿ ಸಿಗಂಗಿಲ್ಲ, ಬೆಂಗಳೂರಿಗೆ ಓಡಂಗಿಲ್ಲ!

ಇವರು ವೇಲ್ಸ್ ದೇಶದ ಕಾರ್ಡಿಫ್ ಊರಿನವರು. ಒಂದು ಕಾಲಕ್ಕ ಜಗತ್ತಿಗೇ ಕಲ್ಲಿದ್ದಲು ಕಳಿಸಿದ ಬಂದರು ಅದು. ಕಲ್ಲಿದ್ದಲಿನ ಬೂದಿ ಕುಡಿದು ಬೆಳೆದ ಶಕ್ತಿನಗರದವರಿಗೆ ಬೀಗರಿದ್ದಂಗ. 1976-77ರಾಗ ಇಂಗ್ಲೆಂಡಿನ ಹುಡುಗ್ರು ಪಂಕ್ ಅಂತ ಸಿಟ್ಟಿನ ರಾಕ್ ಸಂಗೀತ ಹಚ್ಚಿ ಎಬ್ಬಿಸಿದ ದಾಂಧಲಿ ನಿನಗ ಗೊತ್ತದ. ಅದರ ಬೆನ್ನಿಗೆ ಬಂದದ್ದು ಪೋಸ್ಟ್ ಪಂಕ್. ಆ ಹೊತ್ತಿನಾಗ ಎಲ್ಲಾರೂ ಪಂಕಿನ ಸಿಟ್ಟಿಗೆ ಏನೇನೋ ಕೂಡಿಸ್ತಾ ಹೋದ್ರು, ಇವರು ಮೂವರು ಕಳೀತಾ ಹೋದ್ರು. 1978ರಾಗ ಶುರುವಾದ ಬ್ಯಾಂಡು. ವೇಲ್ಸಿನ ಹಳ್ಳಿ ಕಡಿ ಒಂದು ಸ್ಟುಡಿಯೋದಾಗ ಐದೇ ದಿನದಾಗ ರಿಕಾರ್ಡಿಂಗ್ ಮುಗಿಸಿದ್ರು. 1980ರಾಗ ಲಂಡನ್ನಿನ ರಫ್ ಟ್ರೇಡ್ ಕಂಪನಿ ಅದನ್ನ ‘ಕಲಾಸಲ್ ಯೂತ್’ ಅಂತ ಹೊರಗ ತಂತು, 15 ಹಾಡು. ಅವರು ತಂದ ಪೂರಾ ಆಲ್ಬಮ್ ಅದೊಂದೇ.

ಎಲ್ಲಾ ಚಿನ್ನ ಅಂತ ನಾ ಹೇಳಂಗಿಲ್ಲ. ಹಾಡಿಲ್ಲದ ಬರೇ ಆರ್ಗನ್ ತುಣುಕು ಬಂದ್ರ ನಾ ಟೇಪು ಮುಂದಕ್ಕ ಓಡಿಸ್ತೀನಿ. 1981ರಾಗ ಬಂದ ‘ಟೆಸ್ಟ್ ಕಾರ್ಡ್’ ಅನ್ನೋ ಸಣ್ಣ ರಿಕಾರ್ಡು ಅಂತೂ ಪೂರಾ ಅಂಥಾದ್ದೇ, ನನಗ ಇವತ್ತಿಗೂ ಹಿಡಿಸಿಲ್ಲ. ಆದ್ರ ‘ಫೈನಲ್ ಡೇ’ ಅಂತ ಒಂದು ಹಾಡು ಅದ, ಎರಡು ನಿಮಿಷ ಸೈತ ಇಲ್ಲ. ಅಣುಬಾಂಬು ಬಿದ್ದು ಜಗತ್ತು ಮುಗಿಯೋ ದಿನದ ಹಾಡು. ಹಾಡಿನ ಉದ್ದಕ್ಕ ಸೂಜಿಯಂಥ ಒಂದೇ ಒಂದು ಸ್ವರ ಹಿಂದ ಕೊರೀತಿರ್ತದ. ನಮ್ಮ ತತ್ವಪದದವರ ಏಕತಾರಿ ಇದ್ದಂಗ, ಆದ್ರ ಏಕತಾರಿ ಸಮಾಧಾನ ಮಾಡ್ತದ, ಇದು ಹೆದರಸ್ತದ. ಆಲಿಸನ್ ಮಾತ್ರ ಅದನ್ನೂ ಅಕ್ಕಿ ಹಸನ ಮಾಡೋ ದನಿಯಾಗೇ ಹಾಡ್ತಾಳ. ಚೀರಿದ್ದಿದ್ರ ನಾ ಅದನ್ನ ಆವತ್ತೇ ಮರೀತಿದ್ದೆ.

ಇದು ನನಗ್ಯಾಕ ಇಷ್ಟು ನಾಟ್ತು ಅಂದ್ರ, ನನ್ನ ಡ್ಯೂಟಿ ಎಲ್ಲಾ ಟರ್ಬೈನ್ ಬಾಜೂಕ ಕಳೀತು. ನಿಮಿಷಕ್ಕ 3000 ಸುತ್ತು ತಿರುಗೋ ಮಿಷನ್ನು. ಮೊದಲ ವಾರ ಕಿವಿ ಹರಿದು ಹೋಗ್ತಾವ ಅನ್ನಸ್ತದ, ತಿಂಗಳಿಗೆ ಅದು ಕೇಳೋದೇ ಬಂದಾಗ್ತದ. ಓವರ್‌ಹಾಲಿಗೆ ಅಂತ ಯೂನಿಟ್ ನಿಲ್ಲಿಸಿದಾಗ ಟರ್ಬೈನ್ ತಟ್ಟನೆ ನಿಲ್ಲಂಗಿಲ್ಲ. ಅರ್ಧ ತಾಸಿಗೂ ಮ್ಯಾಲೆ ಮೆಲ್ಲಕ ಇಳೀತಾ, ಇಳೀತಾ ಹೋಗ್ತದ. ಹಂಗ ಇಳಿಯೋ ಮುಂದ ಒಂದೊಂದೇ ಹೊರಗ ಬರ್ತಾವ ನೋಡು: ಎಲ್ಲೋ ಪೈಪಿನಾಗ ನೀರು ತೊಟ್ಟಿಕ್ಕೋದು, ಹೆಲ್ಪರ್ ಹುಡುಗನ ಚಪ್ಪಲಿ, ನನ್ನ ಬಾಜೂಕ ನಿಂತಾವನ ಉಸಿರು. ಅವೆಲ್ಲಾ ಮೊದಲಿಂದ ಅಲ್ಲೇ ಇದ್ದವು. ಆ ಕ್ಯಾಸೆಟ್ ಕೇಳಿದಾಗ ನನಗ ಅದೇ ನೆನಪಾತು.

ನೀ ಹಾಕ್ಕೊಂಡು ತಿರುಗೋ ಕರೀ ಟೀ ಶರ್ಟಿನ ಮ್ಯಾಲೆ ಬಿಳೀ ಗುಡ್ಡದ ಸಾಲಿನಂಗ ಗೆರಿ ಅದಾವಲ್ಲ, ಅದು ಜಾಯ್ ಡಿವಿಷನ್‌ದು, 1979ರ ರಿಕಾರ್ಡಿನ ಹೊದಿಕಿ. ಆ ಬ್ಯಾಂಡಿಗೆ ಸಲ್ಲಬೇಕಾದ್ದು ಸಂದದ, ಬ್ಯಾಡ ಅನ್ನಂಗಿಲ್ಲ. ಆದ್ರ ಅದೇ ಹೊತ್ತಿನ ಈ ಮೂವರ ಹೆಸರು ನಿಮ್ಮ ಗೆಳೆಯರಾಗ ಒಬ್ಬರಿಗಾದ್ರೂ ಗೊತ್ತದೇನು ಕೇಳಿ ನೋಡು. ‘ನಿರ್ವಾಣ’ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಕರ್ಟ್ ಕೊಬೇನ್‌ಗೆ ಗೊತ್ತಿತ್ತು. ಅಷ್ಟು ಗದ್ದಲ ಮಾಡಿದ ಮನುಷ್ಯ ತನಗ ಇಷ್ಟದ ಆಲ್ಬಮ್‌ಗಳ ಪಟ್ಟಿಯಾಗ ಇದನ್ನ ಬರೆದಿಟ್ಟಿದ್ದ. ಅವನ ಹೆಂಡತಿ ಕೋರ್ಟ್ನಿ ಲವ್‌ನ ಬ್ಯಾಂಡು ಹೋಲ್, ಇವರದೊಂದು ಹಾಡನ್ನ 1994ರಾಗ ಮತ್ತ ಹಾಡ್ತು, ಜೋರು ಮಾಡಿ. ಜೋರು ಮಾಡಿದ್ರೂ ಹಾಡು ಮುರೀಲಿಲ್ಲ. ಗಟ್ಟಿ ಅಡಿಪಾಯ ಅಂದ್ರ ಅದು.

ಈಗ ನಿಮ್ಮಣ್ಣನ ಮಾತಿಗೆ ಬರ್ತೀನಿ. ಸ್ಟುವರ್ಟ್‌ಗೂ ಆಲಿಸನ್ ಬರೋದು ಮೊದಲು ಬ್ಯಾಡಾಗಿತ್ತು. ಹಾಡು ಕಟ್ಟೋನು ತಾನು, ಹಾಡೋದು ಇನ್ನೊಬ್ಬರ್ಯಾಕ ಅಂತ. ಆಕಿ ಇಲ್ಲಂದ್ರ ನಾನೂ ಇಲ್ಲ ಅಂತ ಫಿಲಿಪ್ ಹಠ ಹಿಡಿದ, ಹಂಗಾಗಿ ಆಕಿ ಬಂದ್ಲು. ಇವತ್ತು ಆ ಹಾಡುಗಳನ್ನ ಬ್ಯಾರೆ ದನಿಯಾಗ ಕೇಳ್ತೀನಂದ್ರೂ ನನಗ ಕೇಳಂಗಿಲ್ಲ. ಖರೇ ಹೇಳಬೇಕಂದ್ರ ಆ ಬ್ಯಾಂಡು ಬಾಳಲಿಲ್ಲ. ಆಲ್ಬಮ್ ಬಂದು ಒಂದು ವರ್ಷ ಆಗೋದ್ರಾಗ ಒಡೀತು. ಮುಂದ 2007ರಾಗ ವೇಲ್ಸಿನ ‘ಹೇ’ ಅನ್ನೋ ಊರಿನ ಸಾಹಿತ್ಯ ಉತ್ಸವದಾಗ ಮತ್ತ ಒಂದೇ ಸ್ಟೇಜ್ ಮ್ಯಾಲೆ ನಿಂತ್ರು, ಅಷ್ಟೊತ್ತಿಗೆ 26 ವರ್ಷ ಸರಿದಿತ್ತು. ನೀ ನಿಮ್ಮಣ್ಣನ ಜೋಡಿ ಮಾತು ಬಿಟ್ಟು ಹದಿನೈದು ದಿನ ಆತಂತ, ನಿಮ್ಮವ್ವ ಹೇಳಿದ್ಲು. ಒಂದೇ ಮನ್ಯಾಗ ಉಂಡು, ಕೈ ತೊಳಕೊಂಡು, ಬಾಯಿ ಬಿಡದ ಎದ್ದು ಹೋಗ್ತೀರಂತ. ಇವತ್ತ ಸಂಜಿಗೆ ಅವನ ಜೋಡಿ ಚಾ ಕುಡಿ. ಬ್ಯಾಂಡಿನ ಮಾತು ಎತ್ತಬ್ಯಾಡ, ಬರೇ ಚಾ ಕುಡಿ.

ರೊಕ್ಕ ಕಳಸಂಗಿಲ್ಲ. ಸಿಟ್ಟು ಮಾಡ್ಕೋ, ಅಡ್ಡಿಯಿಲ್ಲ. ಆ ಹುಡುಗಿ ದನಿ ಸಣ್ಣದಾದ್ರ ಆಕಿನ್ನ ಮೈಕಿಗೆ ಹತ್ರ ನಿಲ್ಲಿಸ್ರಿ, ನಿನ್ನ ಗಿಟಾರ್ ವಾಲ್ಯೂಮ್ ಅರ್ಧಕ್ಕ ಇಳಿಸು, ಒಂದು ಸಲ ಮೊಬೈಲಿನಾಗ ರಿಕಾರ್ಡ್ ಮಾಡಿ ಕೇಳ್ರಿ. ಇದಕ್ಕ ಬಿಡಿಗಾಸು ಹತ್ತಂಗಿಲ್ಲ. ತಾಳ ಬೇಕಂದ್ರ ಅದೂ ಮೊಬೈಲಿನಾಗೇ ಸಿಗ್ತದ, ಪೀಟರ್ ಜಾಯ್ಸ್‌ನಂಗ ಬೆಸುಗಿ ಹಾಕ್ಕೋಂತ ಕೂಡೋ ಗರಜೂ ಇಲ್ಲ.

ಮುಂದಿನ ಐತ್ವಾರ ಮೂರೂ ಮಂದಿ ರಾಯಚೂರು ಬಸ್ ಹತ್ತಿ ಬರ್ರಿ. ಗಿಟಾರ್ ತರ್ರಿ, ಡಬ್ಬಿ ಸ್ಪೀಕರ್ ಬ್ಯಾಡ. ನಿಮ್ಮತ್ತಿ ಮಂಡಾಳ ವಗ್ಗರಣಿ, ಮಿರ್ಚಿ ಮಾಡ್ತಾಳ. ನನ್ನ ಟೇಪ್ ರಿಕಾರ್ಡರಿನ ಬೆಲ್ಟ್ ಸಡಿಲಾಗಿ ಹಾಡು ನಿಧಾನ ಓಡಾಕ ಹತ್ಯಾವ, ಆಲಿಸನ್ ದನಿ ಗಂಡಸರ ದನಿ ಆಗ್ಯದ. ಅಷ್ಟರಾಗ ಹೊಸಾ ಬೆಲ್ಟ್ ಹಾಕಿಸಿ ಇಟ್ಟಿರ್ತೀನಿ.

ನಿನ್ನ
ಮಾಮ