ಅಲೋಶಿಯಸ್ ಚಾಪೆಲಿನ ಚಿತ್ರಗಳಿಗೆ ನಮ್ಮದೇ ಒಂದು ಹಾಡು ಬೇಕು

ಮಾನ್ಯ ಸಂಪಾದಕರೇ,

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ (ಪ್ರಾರ್ಥನಾ ಮಂದಿರ) ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರೆಯುತ್ತಾರೆ. ಹೆಚ್ಚಾಗಿ ಪ್ರವಾಸಿಗರು ನೋಡಲೇಬೇಕಾದ ಜಾಗ ಎಂದು. ನನ್ನ ಕೋರಿಕೆ ಬೇರೆ. ಅಲ್ಲಿನ ಚಿತ್ರಗಳ ಕಥೆ ಇಟ್ಟುಕೊಂಡು ನಮ್ಮ ಊರಿನ ಗಾಯನ ಮಂಡಳಿಗಳು ಸೇರಿ ಒಂದು ದೊಡ್ಡ ಹಾಡು ಕಟ್ಟಬೇಕು. ಹೆಂಗಸರ ಎತ್ತರದ ದನಿ ಸೊಪ್ರಾನೊ, ತಗ್ಗಿನ ದನಿ ಆಲ್ಟೊ, ಗಂಡಸರ ಎತ್ತರದ ದನಿ ಟೆನರ್, ತಗ್ಗಿನ ದನಿ ಬೇಸ್, ಈ ಎಲ್ಲ ದನಿಗಳೂ ಇರುವ, ಅರ್ಧ ಗಂಟೆಯಾದರೂ ನಡೆಯುವ ಹಾಡು.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಆದರೆ ಬ್ರಶ್ ಬಿಟ್ಟಿಲ್ಲ. ಭಾನುವಾರ ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ ಬೇಸ್ ಹಾಡುತ್ತೇನೆ. ಹಾಗಾಗಿ ಬಣ್ಣ, ಹಾಡು ಎರಡೂ ನನಗೆ ಹತ್ತಿರ.

ಆ ಚಿತ್ರಗಳನ್ನು ಬರೆದ ಬ್ರದರ್ ಆಂಟೋನಿಯೊ ಮೊಸ್ಕೆನಿ ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಯೇಸುಸಭೆ, ಅಂದರೆ ಜೆಸ್ವಿಟ್ ಸನ್ಯಾಸಿಗಳ ಸಂಘ, ಸೇರಿದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಬಂದು, ಎರಡು ಮೂರು ವರ್ಷದೊಳಗೆ ಇಡೀ ಚಾಪೆಲನ್ನು ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸ್ ಮೇಲಿನ ಎಣ್ಣೆ ಬಣ್ಣ, ಕೆಲವು ಫ್ರೆಸ್ಕೊ.

ಫ್ರೆಸ್ಕೊ ಎಂದರೆ ಸುಲಭದ ಕೆಲಸ ಅಲ್ಲ. ಸುಣ್ಣದ ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಂದ ಹಾಗೆ ಸುಣ್ಣ ಗಟ್ಟಿಯಾಗಿ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಇರುವುದು ಕೆಲವೇ ಗಂಟೆ. ತಪ್ಪಾದರೆ ಗಾರೆ ಕೆರೆದು ಮತ್ತೆ ಮೊದಲಿಂದ ಶುರು ಮಾಡಬೇಕು. ಅಂದಂದು ಎಷ್ಟು ಮುಗಿಸಲು ಆಗುತ್ತದೋ ಅಷ್ಟಕ್ಕೇ ಗಾರೆ ಮೆತ್ತುವುದು. ಈ ಕೆಲಸ ಒಬ್ಬರಿಂದ ಆಗುವುದಿಲ್ಲ, ಸುಣ್ಣ ಕಲಸಿ ಕೊಡುವವರು, ಅಟ್ಟಣಿಗೆ ಕಟ್ಟುವವರು ಇರಲೇಬೇಕು. ಅವರ ಹೆಸರು ಗೋಡೆಯ ಮೇಲಿಲ್ಲ. ಹಾಡಿನಲ್ಲಾದರೂ ಅವರಿಗೆ ಒಂದು ಭಾಗ ಸಿಗಲಿ, ಅದು ತುಳುವಿನಲ್ಲೇ ಇರಲಿ ಎಂದು ನನ್ನ ಆಸೆ. ಗಾರೆ ಆರುವ ಮೊದಲು ಮುಗಿಸುವ ಆ ಅವಸರವನ್ನು ಹಾಡಿನಲ್ಲಿ ತರಬಹುದು ಅಲ್ವಾ? ಒಂದು ದನಿ ನಿಲ್ಲುವ ಮೊದಲೇ ಇನ್ನೊಂದು ದನಿ ಸೇರಿಕೊಳ್ಳಬೇಕು, ನಡುವೆ ಎಲ್ಲೂ ಖಾಲಿ ಬಿಡಬಾರದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಚಾವಣಿಯ ಚಿತ್ರಗಳು. ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗ ಅವರ ಜೀವನ ಇದೆ. 1568ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ಆಸ್ತಿ ಹಕ್ಕು ಎಲ್ಲ ಬಿಟ್ಟು ಬಂದ ಹುಡುಗ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಕಾಯಿಲೆ ಅಂಟಿಸಿಕೊಂಡು 1591ರಲ್ಲಿ ತೀರಿಹೋದರು. ಆಗ ವಯಸ್ಸು ಬರೀ 23. ರೋಗಿಗಳ ಸೇವೆಯ ಆ ದೃಶ್ಯವನ್ನೂ ಮೊಸ್ಕೆನಿ ಬರೆದಿದ್ದಾರೆ. ಅವರು ಅದನ್ನು ಬರೆದ ಕಾಲ ನೋಡಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಿತ್ತು, 1898ರಲ್ಲಿ ಬೆಂಗಳೂರಿಗೆ. ಚಾಪೆಲಿಗೆ ಬಂದು ತಲೆ ಎತ್ತಿ ನೋಡಿದ ಜನರಿಗೆ ಅದು ದೂರದ ರೋಮಿನ ಹಳೇ ಕಥೆ ಆಗಿರಲು ಸಾಧ್ಯವೇ ಇಲ್ಲ. ಕೊರೊನಾ ನೋಡಿದ ನಮಗೂ ಅಲ್ಲ. ಈ ಭಾಗಕ್ಕೆ ವಾದ್ಯವೇ ಬೇಡ. ಮೆಲ್ಲಗೆ, ಕೊಂಕಣಿಯಲ್ಲಿ, ಬರೀ ದನಿಯಲ್ಲಿ ಹಾಡಿದರೆ ಸಾಕು.

ಚಿತ್ರದಿಂದ ಹಾಡು ಹುಟ್ಟುತ್ತದಾ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮಾರ್ಟನ್ ಲಾರಿಡ್ಸನ್ 1994ರಲ್ಲಿ ಹಳೇ ಲ್ಯಾಟಿನ್ ಕ್ರಿಸ್ಮಸ್ ಪ್ರಾರ್ಥನೆ 'ಓ ಮ್ಯಾಗ್ನುಮ್ ಮಿಸ್ಟೀರಿಯುಮ್'ಗೆ ರಾಗ ಹಾಕಿದರು. ಅವರಿಗೆ ದಾರಿ ತೋರಿಸಿದ್ದು ಸ್ಪೇನಿನ ಝುರ್ಬರಾನ್ 1633ರಲ್ಲಿ ಬರೆದ ಒಂದು ಚಿತ್ರ. ಅದರಲ್ಲಿ ಮನುಷ್ಯರೇ ಇಲ್ಲ. ಕಪ್ಪು ಹಿನ್ನೆಲೆ, ಮುಂದೆ ನಿಂಬೆ ಜಾತಿಯ ಹಣ್ಣು, ಒಂದು ಬುಟ್ಟಿ ಕಿತ್ತಳೆ, ನೀರಿನ ಬಟ್ಟಲು, ಗುಲಾಬಿ. ಮಾತೆ ಮರಿಯಳಿಗೆ ಇಟ್ಟ ಕಾಣಿಕೆ ಎಂದು ಅದನ್ನು ಓದುತ್ತಾರೆ. ಲಾರಿಡ್ಸನ್ ಹಾಡನ್ನೂ ಅಷ್ಟೇ ಸರಳವಾಗಿ ಇಟ್ಟರು. 'ವಿರ್ಗೊ' (ಕನ್ಯೆ) ಎಂಬಲ್ಲಿ ಮಾತ್ರ ಆಲ್ಟೊದವರಿಗೆ ಶ್ರುತಿಗೆ ಹೊರಗಿನ ಒಂದು ಸ್ವರ ಕೊಟ್ಟರು. ಆ ಒಂದು ಸ್ವರ ಬಂದಾಗ ಎದೆ ಝಲ್ ಎನ್ನುತ್ತದೆ. ಒಂದು ತಟ್ಟೆ ಹಣ್ಣಿನಿಂದ ಅಷ್ಟು ಹುಟ್ಟಿದರೆ, ನಮ್ಮ ಒಂದು ಇಡೀ ಚಾಪೆಲಿನಿಂದ ಎಷ್ಟು ಹುಟ್ಟಬಹುದು!

ಕಥೆ ಬರೀ ಸಂತರದ್ದು ಆಗಬಾರದು. ನಮ್ಮ ಕರಾವಳಿಯ ಮಳೆ, ತೇವ ಆ ಚಿತ್ರಗಳಿಗೆ ಒಳ್ಳೆಯದು ಮಾಡಿಲ್ಲ. 1990ರ ದಶಕದ ಮೊದಲಲ್ಲಿ ಹಳೇ ಕಟ್ಟಡ, ಕಲೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಪರಿಣತರು ಬಂದು ಅವನ್ನು ಉಳಿಸಿಕೊಟ್ಟರು. ಅದೂ ಹಾಡಿನಲ್ಲಿ ಬರಲಿ. ಮೊಸ್ಕೆನಿ ಊರಿಗೆ ಮರಳಲಿಲ್ಲ. ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯಲ್ಲಿ ಚಿತ್ರ ಬರೆದು, 1905ರ ನವೆಂಬರ್ 15ರಂದು ಅಲ್ಲೇ ತೀರಿಕೊಂಡರು.

ಇದು ನಮ್ಮಿಂದ ಆಗುವ ಕೆಲಸ. 2008ರಲ್ಲಿ ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡು ಹಾಡಿದ ಊರು ನಮ್ಮದು. ಆದರೆ ಈಗ ಎಷ್ಟೋ ಕಡೆ ರೆಡಿಮೇಡ್ ಟ್ರ್ಯಾಕ್ ಹಾಕಿ ಸುಮ್ನೆ ಅದರ ಮೇಲೆ ಹಾಡುತ್ತಿದ್ದೇವೆ. ನಾಲ್ಕು ದನಿ ಕೂಡಿಸಿ ಹಾಡುವುದನ್ನು ಹಿರಿಯರು ಕಷ್ಟಪಟ್ಟು ಕಲಿಸಿದ್ದರು, ಅದು ಕೈ ಬಿಟ್ಟು ಹೋಗುತ್ತಿದೆ. ನನಗೆ ಇದರಿಂದ ನಿಜವಾಗಿ ನೋವಾಗುತ್ತದೆ.

ಚಾಪೆಲ್ ಇರುವ ಅಲೋಶಿಯಸ್ ವಿದ್ಯಾಸಂಸ್ಥೆಯವರು, ಇಗರ್ಜಿಗಳ ಗಾಯನ ಮಂಡಳಿಯವರು, ರಾಗ ಕಟ್ಟುವವರು ಒಮ್ಮೆ ಕೂತು ಮಾತನಾಡಲಿ. ಹಾಡಲು ಬರುವವರು ಯಾವ ಧರ್ಮದವರಾದರೂ ಸರಿ. ನವೆಂಬರ್ 15ಕ್ಕೆ, ಚಾಪೆಲಿನವರು ಒಪ್ಪಿದರೆ ಅದೇ ಚಾವಣಿಯ ಕೆಳಗೆ, ಮೈಕ್ ಇಲ್ಲದೆ ಹಾಡೋಣ. ಬೇಸ್ ಸಾಲಿಗೆ ನಾನು ಬರುತ್ತೇನೆ. ಕಾರ್ಯಕ್ರಮದ ಬೋರ್ಡನ್ನೂ ಕೈಯಲ್ಲೇ ಬರೆದು ಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.

ಇತಿ,
ಒಬ್ಬ ಬೋರ್ಡ್ ಕಲಾವಿದ
ಬಿಜೈ, ಮಂಗಳೂರು