ಚಿಲ್ಕಾದಲ್ಲಿರುವ ಮಗಳಿಗೆ, ಚಿಲಕದ ವಿಷಯ

ಬಾಯ್,

ಲಕೋಟೆಯ ಮೇಲೆ ನಿನ್ನ ನೇವಿ ಟ್ರೇನಿಂಗ್ ಸೆಂಟರಿನ ವಿಳಾಸ ಬರೆಯುವಾಗ ‘ಐಎನ್‌ಎಸ್ ಚಿಲ್ಕಾ’ ಅನ್ನುವ ಕಡೆ ‘ಚಿಲಕ’ ಅಂತ ಬರೆದುಬಿಟ್ಟೆ. ನಿನ್ನ ಪಪ್ಪಾ ನೋಡಿ ನಕ್ಕರು, ಹೊಸ ಲಕೋಟೆ ತಂದುಕೊಟ್ಟರು. ನನಗೆ ಮಾತ್ರ ನಗು ಬರಲಿಲ್ಲ.

ನೀನು ಹೊರಟ ದಿನ ನಾನು ಕೋಣೆಯ ಚಿಲಕ ಹಾಕಿಕೊಂಡು ಒಳಗೆ ಕುಳಿತಿದ್ದೆ. ನೀನು ಮೂರು ಸಲ ಬಾಗಿಲ ಹತ್ತಿರ ಬಂದೆ. ಮೊದಲು, ‘ಮಮ್ಮೀ, ರಿಕ್ಷಾ ಬಂತು.’ ಆಮೇಲೆ, ‘ಮಮ್ಮೀ, ಶಿರವಾಡ ಮುಟ್ಟೋಕೆ ಹೊತ್ತಾಗುತ್ತೆ, ಟ್ರೇನ್ ಕಾಯಲ್ಲ.’ ಮೂರನೇ ಸಲ ಏನೂ ಹೇಳಲಿಲ್ಲ. ಬಾಗಿಲಿಗೆ ಕೈ ಇಟ್ಟ ಸದ್ದು ಕೇಳಿತು, ಅಷ್ಟೇ. ರಿಕ್ಷಾ ತಿರುವು ದಾಟಿದ ಮೇಲೆ ಎದ್ದು ಚಿಲಕ ತೆಗೆದೆ. ಮೇಜಿನ ಮೇಲೆ ನಿನ್ನ ಚಹಾ ಅರ್ಧ ಉಳಿದಿತ್ತು. ಅದನ್ನು ಸಂಜೆಯವರೆಗೂ ಚೆಲ್ಲಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಕೈಗೆ ಫೋನ್ ಸಿಗುವುದೇ ಅಪರೂಪ. ಸಿಕ್ಕಾಗಲೂ ‘ಊಟ ಆಯ್ತಾ, ಶೂ ಕಚ್ಚುತ್ತಾ’ ಅಂತ ಕೇಳುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಮನೆಯಲ್ಲಿ ಆಡುವುದು ಕೊಂಕಣಿಯಾದರೂ ನನಗೆ ಬರೆಯಲು ಬರುವುದು ಕನ್ನಡವೇ. ನನ್ನ ಅಪ್ಪ, ನಿನ್ನ ಅಜ್ಜನೂ ಹಡಗಿನಿಂದ ಅಜ್ಜಿಗೆ ಕನ್ನಡದಲ್ಲೇ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ. ತುಂಬಾ ಕಾಗುಣಿತ ತಪ್ಪು.

ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ 25 ಮಂದಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಅದಕ್ಕಾಗಿ ಬಿಎಸ್ಸಿ ಅರ್ಧಕ್ಕೆ ಬಿಡುತ್ತೀಯಾ ಅಂತ ನಿನ್ನ ಮೇಲೆ ಕೂಗಾಡಿದೆನಲ್ಲ, ಅದೆಲ್ಲ ನೆಪ. ನಾಲ್ಕಲ್ಲ, ನಲವತ್ತು ವರ್ಷದ ನೌಕರಿಯಾಗಿದ್ದರೂ ನಾನು ಹಾಗೇ ಕೂಗುತ್ತಿದ್ದೆ.

ಕಾರವಾರದ ಚಪಲ್ ಹಡಗಿನ ಮ್ಯೂಸಿಯಂಗೆ ಅಜ್ಜ ನಿನ್ನನ್ನು ಕರೆದುಕೊಂಡು ಹೋದ ಕಥೆ ಇಲ್ಲಿ ಬರೆಯುವುದಿಲ್ಲ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನಗೆ ಗೊತ್ತಿಲ್ಲದ್ದು ಬೇರೆ ಇದೆ.

ಅಜ್ಜ ನೇವಿಗೆ ಸೇರಿದ್ದು 1964ರಲ್ಲಿ. ಆಗ ಚಿಲ್ಕಾ ಇರಲಿಲ್ಲ. ವಿಶಾಖಪಟ್ಟಣದಲ್ಲಿ ಮೊದಲ ತರಬೇತಿ, ಆಮೇಲೆ ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ಇಂಜಿನ್ ಕೆಲಸ. ಅದಕ್ಕೂ ಮೂರು ವರ್ಷ ಮೊದಲು, 1961ರ ಡಿಸೆಂಬರ್‌ನಲ್ಲಿ, ನಮ್ಮ ಕಾರವಾರದ ಹತ್ತಿರದ ಅಂಜುದೀವ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನಮ್ಮ ಏಳು ನಾವಿಕರು ಸತ್ತರು. ಆಗ ಹದಿನೈದರ ಹುಡುಗನಾಗಿದ್ದ ಅಜ್ಜ ದಡದಲ್ಲಿ ನಿಂತು ಗುಂಡಿನ ಸದ್ದು ಕೇಳಿದ್ದನಂತೆ. ‘ಅದನ್ನು ಕೇಳಿಯೂ ಹೋದ ನೋಡು’ ಅಂತ ಅವನ ತಾಯಿ ಸಾಯುವವರೆಗೂ ಹೇಳುತ್ತಿದ್ದಳು. ಈಗ ನಾನು ಹೇಳುತ್ತಿದ್ದೇನೆ.

ಅಜ್ಜ ಹಡಗಿನಲ್ಲಿ ಸ್ಟೋಕರ್ ಆಗಿದ್ದ, ಇಂಜಿನ್ ಕೋಣೆಯವನು. ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ಕೆಲಸ. 1971ರ ಯುದ್ಧದಲ್ಲಿ ಅವನ ಹಡಗು ಮುಂಬೈ ಡಾಕ್‌ಯಾರ್ಡ್‌ನಲ್ಲಿ ರಿಪೇರಿಗೆ ನಿಂತಿತ್ತು. ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಹೊಡೆದ ಟಾರ್ಪೆಡೊಗೆ ಐಎನ್‌ಎಸ್ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅಜ್ಜನ ಜೊತೆ ಲೋನಾವಳದಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹುಡುಗನೂ ಬರಲಿಲ್ಲ.

ಅಂದಿನಿಂದ ಪ್ರತಿ ಡಿಸೆಂಬರ್ 9ರ ಸಂಜೆ ನಮ್ಮ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಬೇಗ ಶುರುವಾಗಿ ತಡವಾಗಿ ಮುಗಿಯುತ್ತಿತ್ತು. ಖುಕ್ರಿಯಲ್ಲಿ ಹೋದ 194 ಮಂದಿಗೆ ತಲೆಗೊಂದು ನಮಾನ್ ಮರಿಯೆ, ಮರಿಯಮ್ಮನ ಪ್ರಾರ್ಥನೆ. ಒಂದು ಜಪಮಾಲೆಗೆ 53. ಮೂರು ಸಲ ಮಾಲೆ ಮುಗಿದರೆ 159, ಇನ್ನೂ 35 ಬಾಕಿ. ಆ ಮೂವತ್ತೈದು ಎಂದೂ ಮುಗಿಯುತ್ತಿರಲಿಲ್ಲ! ಆಲ್ತಾರಿನ ಮುಂದೆ ಮೊಣಕಾಲೂರಿ ನೋವು, ಒಳಗಿಂದ ಮೀನು ಸಾರಿನ ವಾಸನೆ. ತಮ್ಮ ಅಲ್ಲೇ ನಿದ್ದೆ ಹೋಗುತ್ತಿದ್ದ.

1987ರಲ್ಲಿ ನನಗೆ ಹನ್ನೆರಡು ವರ್ಷ. ಮರುದಿನ ಗಣಿತ ಪರೀಕ್ಷೆ. ಮೂರನೇ ಮಾಲೆಯ ಮಧ್ಯದಲ್ಲಿ ನಾನು ಎದ್ದು ನಿಂತು ಕೇಳಿದೆ, ‘ಪಾಯ್ (ಅಪ್ಪಾ), ಇಷ್ಟು ಸಲ ಹೇಳಿದರೆ ಅವರು ನೀರಿನಿಂದ ಎದ್ದು ಬರ್ತಾರಾ?’ ಅಜ್ಜಿ ಹೊಡೆಯಲು ಕೈ ಎತ್ತಿದಳು. ಅಜ್ಜ ನನ್ನ ಕಡೆ ತಿರುಗಲೂ ಇಲ್ಲ. ನಾನು ಕೋಣೆಗೆ ಓಡಿ ಚಿಲಕ ಹಾಕಿಕೊಂಡೆ.

ಅವನು ಬಂದು ತಟ್ಟಿದ. ‘ಬಾಗಿಲು ತೆಗಿ ಬಾಯ್’ ಅಂದ. ನಾನು ತೆಗೆಯಲಿಲ್ಲ. ಮತ್ತೆ ತಟ್ಟಿದ. ದನಿ ಬೇರೆಯಾಗಿತ್ತು. ಸಿಟ್ಟು ಅಂದುಕೊಂಡೆ, ಅದಕ್ಕೇ ಇನ್ನೂ ಗಟ್ಟಿಯಾಗಿ ಕುಳಿತೆ. ಆಮೇಲೆ ಹಿತ್ತಲಿನಿಂದ ಹಾರೆ ತಂದ ಸದ್ದು. ಎರಡೇ ಏಟು. ಬಿಜಾಗರಿ ಕಿತ್ತು ಬಾಗಿಲು ವಾಲಿತು. ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಮುಖ, ಭುಜ, ಕೈ ಎಲ್ಲ ಮುಟ್ಟಿ ನೋಡಿದ, ಬಿದ್ದ ಮಗುವನ್ನು ಎತ್ತಿಕೊಂಡವರು ನೋಡುತ್ತಾರಲ್ಲ, ಹಾಗೆ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬಾವಿ ಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಹಳ ಹೊತ್ತು ಅಲ್ಲೇ ನಿಂತ. ಮರುದಿನ ಬೆಳಿಗ್ಗೆ ನಾನು ಪರೀಕ್ಷೆಗೆ ಹೊರಡುವಷ್ಟರಲ್ಲಿ ಬಾಗಿಲು ಸರಿಯಾಗಿತ್ತು. ಚಿಲಕದ ಜಾಗದಲ್ಲಿ ನಾಲ್ಕು ಮೊಳೆ ತೂತು ಮಾತ್ರ.

ಯುದ್ಧದ ಹೊತ್ತಿನಲ್ಲಿ ಹಡಗಿನ ಒಳಬಾಗಿಲುಗಳನ್ನು ಬಿಗಿಯಾಗಿ ಮುಚ್ಚುತ್ತಾರಂತೆ. ಒಂದು ಕಡೆ ನೀರು ನುಗ್ಗಿದರೆ ಇನ್ನೊಂದು ಕಡೆಗೆ ಹರಿಯಬಾರದು ಅಂತ. ಇದನ್ನು ಅಜ್ಜ ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ದಿನ, ರೋಸ್ ಶಾಸ್ತ್ರದ ಗಲಾಟೆಯ ನಡುವೆ, ಏನೋ ತೆಂಗಿನಕಾಯಿ ಲೆಕ್ಕ ಹೇಳಿದ ಹಾಗೆ. ನಾನು ‘ಹೌದಾ’ ಅಂದೆ. ಅಷ್ಟೇ ಅಂದೆ ನೋಡು.

ಅಜ್ಜ ಸಂತನೇನಲ್ಲ. ಊರವರು ಮರಣದ ಪೂಜೆಯಲ್ಲಿ ಹೊಗಳಿದ್ದು ಪೂರ್ತಿ ನಂಬಬೇಡ. ನನಗೆ ಒಂಬತ್ತು ವರ್ಷ ಆಗುವವರೆಗೂ ಅವನು ರಜೆಗೆ ಬರುವ ನೆಂಟ. ಒಮ್ಮೆ ಟ್ರಂಕ್ ಹೊತ್ತು ಒಳಗೆ ಬಂದವನನ್ನು ನೋಡಿ ನಾನು ಮಂಚದ ಕೆಳಗೆ ಅಡಗಿದ್ದೆ. ಪೆನ್ಶನ್ ಬಂದ ಮೇಲೂ ಮನೆಗಿಂತ ಇಗರ್ಜಿಯಲ್ಲೇ ಜಾಸ್ತಿ. ಯಾರ ಮನೆಯ ಹೆಣ ಹೊರಬೇಕು, ಯಾವ ವಿಧವೆಯ ಪೆನ್ಶನ್ ಕಾಗದ ತುಂಬಬೇಕು, ಅದೇ ಕೆಲಸ. ಅಜ್ಜಿಯ ಔಷಧಿ ತರಲು ಮರೆಯುತ್ತಿದ್ದ. ನೇವಿಯ ಸೀಬರ್ಡ್ ನೌಕಾನೆಲೆಗೆ ಅರ್ಗಾದ ನಮ್ಮ ಮನೆ, ಜಾಗ ಹೋದಾಗ ಜನ ಚುಚ್ಚಿದರು, ‘ನಿನ್ನ ನೇವಿ ನಿನ್ನ ಮನೆಯನ್ನೇ ತಗೊಂಡ್ತಲ್ಲ’ ಅಂತ. ‘ಅನ್ನ ಹಾಕಿದವರಿಗೇ ಕೊಟ್ಟೆ, ಬೇರೆಯವರಿಗಲ್ಲ’ ಅಂದ. ಅಂಗಳದ ಖುರ್ಸ್ (ಶಿಲುಬೆ) ಮಾತ್ರ ಬಿಡಿಸಿ ತಂದ. ಆ ಹಳೇ ಬಾಗಿಲು ಏನಾಯಿತೋ.

ಸಮುದ್ರದ ಎದುರು ನಿಂತರೆ ಶಿಲುಬೆ ಗುರುತು ಮಾಡಿ, ಜೊತೆಗೆ ನೇವಿಯ ‘ಶಂ ನೋ ವರುಣಃ’ ಕೂಡ ಹೇಳುತ್ತಿದ್ದ. ಫಾದರ್ ತಮಾಷೆ ಮಾಡಿದರೆ, ‘ಇಬ್ಬರಲ್ಲಿ ಡ್ಯೂಟಿಯಲ್ಲಿ ಯಾರಿರ್ತಾರೋ ಗೊತ್ತಾಗಲ್ಲ ಫಾದರ್’ ಅನ್ನುತ್ತಿದ್ದ.

ಅಜ್ಜ ಹೋದ ಮೇಲೆ ಅವನ ಪ್ರಾರ್ಥನೆ ಪುಸ್ತಕದೊಳಗೆ ಒಂದು ಚೀಟಿ ಸಿಕ್ಕಿತು. ಮನಿಯಾರ್ಡರ್ ಮುಟ್ಟಿದ ರಸೀದಿ, 1972ರ ಜನವರಿಯದ್ದು. 12 ರೂಪಾಯಿ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ಶಾಯಿ ಜಾಸ್ತಿಯಾಗಿ ಅಂಚು ಕದಡಿದೆ, ಆದರೂ ಮಧ್ಯದ ಸುಳಿ ಸ್ಪಷ್ಟ. ಅಜ್ಜಿಯನ್ನು ಕೇಳಿದೆ. ವಾಚ್ ರಿಪೇರಿಗೆ ಅಂತ ಖುಕ್ರಿಯಲ್ಲಿ ಹೋದ ಆ ಹುಡುಗನಿಂದ ಸಾಲ ತೆಗೆದುಕೊಂಡಿದ್ದನಂತೆ. ಸಂಬಳ ಬಂದ ಮೇಲೆ ಕೊಡುತ್ತೇನೆ ಅಂದಿದ್ದನಂತೆ. ಹೆಬ್ಬೆಟ್ಟು ಆ ಹುಡುಗನ ತಾಯಿಯದ್ದು.

ಬಾಯ್, ಆ ಹೆಬ್ಬೆಟ್ಟನ್ನು ನೋಡಿದ್ದು ನಿನ್ನ ಕಾಲ್ ಲೆಟರ್ ಬಂದ ವಾರವೇ. ಈಗ ಅರ್ಥ ಆಯಿತಾ ನಾನು ಯಾಕೆ ಕೂಗಾಡಿದೆ ಅಂತ? ಎಲ್ಲರೂ ಅಜ್ಜನ ಮೊಮ್ಮಗಳು ಅಂತ ನಿನ್ನ ಬೆನ್ನು ತಟ್ಟುತ್ತಿದ್ದರು. ನನಗೆ ಮಾತ್ರ ಆ ತಾಯಿ ಕಾಣುತ್ತಿದ್ದಳು.

ಯಾರ ಹತ್ತಿರವೂ ಸಾಲ ಮಾಡಬೇಡ. ಮಾಡಿದರೆ ಡೈರಿಯಲ್ಲಿ ಬರೆದಿಡು. ಈಜುವುದರಲ್ಲಿ ನಾಚಿಕೆ ಬೇಡ, ಬರುವುದಿಲ್ಲ ಅಂದರೆ ಬರುವುದಿಲ್ಲ ಅಂತ ಹೇಳಿ ಕಲಿ. ಕಾಳಿ ನದಿಯಲ್ಲಿ ಕೈಕಾಲು ಬಡಿದದ್ದು ಈಜಲ್ಲ. ಭಾನುವಾರ ಪೂಜೆಗೆ ಬಿಟ್ಟರೆ ಹೋಗು, ಬಿಡದಿದ್ದರೆ ಮಲಗುವ ಮೊದಲು ಹತ್ತು ನಮಾನ್ ಮರಿಯೆ ಸಾಕು. ಪೆಟ್ಟಾದರೆ ಮುಚ್ಚಿಡಬೇಡ. ಹಿರಿಯರು ಗದರಿದರೆ ಎದುರು ಮಾತಾಡಬೇಡ. ಆದರೆ ತಪ್ಪು ಅನ್ನಿಸಿದ್ದಕ್ಕೆ ತಲೆಯಾಡಿಸಲೂ ಬೇಡ. ಮೂವತ್ತು ಜನರ ನಡುವೆ ಮಲಗಿದರೂ ನಿನ್ನ ಬಟ್ಟೆ ನೀನೇ ಎಣಿಸಿಕೋ. ನೋಡು, ಮತ್ತೆ ಟೀಚರ್ ಆಗಿಬಿಟ್ಟೆ. ಸುಮ್ನೆ ಓದಿ ಬಿಡು.

ಮೊನ್ನೆ ಮೀನು ಪೇಟೆಯಲ್ಲಿ ನಮ್ಮ ಮೀನಿನವಳು ಕೇಳಿದಳು, ‘ಮಗಳು ಕಾಣುವುದಿಲ್ಲವಲ್ಲ ಬಾಯೆರೆ?’ ‘ನೇವಿಗೆ ಹೋದಳು’ ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಎರಡು ಬಂಗಡೆ ಜಾಸ್ತಿ ಹಾಕಿದಳು. ನಾನು ಬೇಡ ಅನ್ನಲಿಲ್ಲ.

ನೀನು ಹೋದ ದಿನ ಬಾಗಿಲು ಒಡೆಯಲು ಅಜ್ಜ ಇರಲಿಲ್ಲ. ಇದ್ದಿದ್ದರೆ ಎಪ್ಪತ್ತೊಂಬತ್ತರಲ್ಲೂ ಹಾರೆ ಹುಡುಕುತ್ತಿದ್ದ. ನಾನೇ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕ್ಷಮಿಸು ಅಂತ ಬರೆಯಲು ಇಷ್ಟು ಪುಟ ಬೇಕಾಯಿತು.

ಬರುವ ಡಿಸೆಂಬರ್ 9 ಮಂಗಳವಾರ. ಬೆಳಿಗ್ಗೆ ಆರೂವರೆಯ ಪೂಜೆಗೆ ಹೇಳಿಟ್ಟಿದ್ದೇನೆ. ಸಂಜೆ ಅಜ್ಜಿಯ ಜೊತೆ ನಾನೇ ಮೂರು ಮಾಲೆ ಹೇಳುತ್ತೇನೆ. ಅಜ್ಜಿಗೆ ಈಗ ಅಷ್ಟು ಹೊತ್ತು ಕೂರಲು ಆಗುವುದಿಲ್ಲ, ನನಗೂ ಮೊಣಕಾಲು. ಉಳಿದ ಮೂವತ್ತೈದು ನೀನು ಹೇಳುತ್ತೀಯಾ? ಪರೇಡ್ ಮಾಡುತ್ತಾ ಹೇಳಿದರೂ ನಡೆಯುತ್ತದೆ.

ಒಣ ಬಂಗಡೆ ಕಳಿಸಬೇಡ, ಕೋಣೆಯೆಲ್ಲ ವಾಸನೆ ಬರುತ್ತೆ ಅಂದಿದ್ದೀಯ. ಸರಿ, ಕಳಿಸಲ್ಲ.

ನಿನ್ನ
ಮಮ್ಮಿ