ಭಾನುವಾರ ಶೆಡ್‌ಗಳ ಕಡೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 16 ವಿಶ್ವ ಆಹಾರ ದಿನ. 1945ರಲ್ಲಿ ಅದೇ ದಿನ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿದ್ದು. ಕಳೆದ ವರ್ಷದ ಹಾಗೆ ಅಕ್ಕಿ ಮೂಟೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಈ ಸಲ ಬೇಡ. ಭಾನುವಾರ ಬೆಳಿಗ್ಗೆ 8ಕ್ಕೆ ಕೆರೆಯ ಹಿಂದಿನ ಕಾರ್ಮಿಕರ ಶೆಡ್‌ಗಳಿಗೆ ಹೋಗಿ, ಇಲ್ಲೇ ಪಡಿತರ ಪಡೆಯುವುದು ಹೇಗೆಂದು ತಿಳಿಸೋಣ.

ಅಲ್ಲಿರುವವರು ಹೆಚ್ಚಾಗಿ ರಾಯಚೂರು, ಯಾದಗಿರಿ ಕಡೆಯವರು, ಕೆಲವರು ಬಿಹಾರದವರು. ಪಡಿತರ ಕಾರ್ಡು ಊರಿನಲ್ಲಿ, ಹೊಟ್ಟೆ ಇಲ್ಲಿ. ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಿ ಅಕ್ಕಿ ತರುತ್ತಿದ್ದಾರೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕಾರ್ಡಿನ ಅಥವಾ ಆಧಾರ್ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು ಎಂಬುದು ಅವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಊರಿನಲ್ಲಿ ಉಳಿದ ಮನೆಯವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ (ಕಡು ಬಡ) ಕುಟುಂಬಕ್ಕೆ ಒಟ್ಟು 35 ಕೆ.ಜಿ. ಧಾನ್ಯ ಅವರ ಹಕ್ಕು. ದಾನ ಕೊಡುವವರ ದನಿಯಲ್ಲಿ ಯಾರೂ ಮಾತನಾಡಬೇಡಿ, ದಯವಿಟ್ಟು.

ಹೋದ ತಿಂಗಳು ಇಟ್ಟಿಗೆ ಹೊರುವ ಅಜ್ಜಿಯೊಬ್ಬರ ಜತೆ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಸಿಮೆಂಟಿನಲ್ಲಿ ಸವೆದ ಹೆಬ್ಬೆರಳು. ಯಂತ್ರ ಮೂರು ಸಲ ಒಲ್ಲೆ ಎಂದಿತು. ಸೆರಗಿನಿಂದ ಒರೆಸಿ ಉಂಗುರ ಬೆರಳು ಒತ್ತಿದ ಮೇಲೆ ರಸೀದಿ ಬಂತು. ಆದ್ದರಿಂದ ಹತ್ತೂ ಬೆರಳು ಪ್ರಯತ್ನಿಸಲು ಹೇಳಿ.

ಹಿಂದಿ ಬಲ್ಲವರು ಇಬ್ಬರಾದರೂ ಬೇಕು. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಕಾರ್ಮಿಕರ ಆಧಾರ್ ಚಿತ್ರಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ.